ಬ್ರಾಂಡೆನ್‌ಬರ್ಗ್ ಗಟ್ಟಿಯಾದದ್ದು ಸೈನ್ಯದಿಂದಲೋ, ತೆರಿಗೆಯಿಂದಲೋ, ರೈತನ ಬೆನ್ನಿನಿಂದಲೋ?

ಕೋಟೆಬಾಗಿಲು:
ಯುರೋಪಿನ ಇತಿಹಾಸ ಓದುವವರು ಇಲ್ಲಿ ಸುಮಾರು ಜನ ಇದ್ದೀರಿ. ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ಮುಂದಿಡುತ್ತಿದ್ದೇನೆ.

1640ರ ಡಿಸೆಂಬರ್‌ನಲ್ಲಿ ಫ್ರೀಡ್ರಿಶ್ ವಿಲ್ಹೆಲ್ಮ್ ಈಗಿನ ಜರ್ಮನಿಯಲ್ಲಿರುವ ಬ್ರಾಂಡೆನ್‌ಬರ್ಗಿನ ಇಲೆಕ್ಟರ್ ಆದ. ಇಲೆಕ್ಟರ್ ಅಂದರೆ ಪವಿತ್ರ ರೋಮನ್ ಚಕ್ರವರ್ತಿಯನ್ನು ಆರಿಸುವ ಹಕ್ಕಿದ್ದ ಕೆಲವೇ ಅರಸರಲ್ಲಿ ಒಬ್ಬ. ಆಗ ಅವನಿಗೆ 20 ವರ್ಷ. ಮೂವತ್ತು ವರ್ಷಗಳ ಯುದ್ಧ ಇನ್ನೂ ಮುಗಿದಿರಲಿಲ್ಲ. ಸ್ವೀಡನ್ನಿನ ಪಡೆ, ಚಕ್ರವರ್ತಿಯ ಪಡೆ ಎರಡೂ ಅವನ ನಾಡನ್ನು ಲೂಟಿ ಮಾಡಿ ಹೋಗಿದ್ದವು. ಬರ್ಲಿನ್‌ನಲ್ಲಿ ಯುದ್ಧಕ್ಕೆ ಮುಂಚೆ ಇದ್ದ ಜನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟೇ ಉಳಿದಿದ್ದರು. ಹೊಸ ಅರಸ ಎರಡು ವರ್ಷಕ್ಕೂ ಜಾಸ್ತಿ ಕಾಲ ಬರ್ಲಿನ್ ಕಡೆ ಬರಲೇ ಇಲ್ಲ. ದೂರದ ಕ್ಯೋನಿಗ್ಸ್‌ಬರ್ಗ್‌ನಲ್ಲಿ ಕೂತು ಆಳಿದ.

ನಾಡಾದರೂ ಒಂದೇ ಕಡೆ ಇತ್ತಾ? ಅದೂ ಇಲ್ಲ. ಪಶ್ಚಿಮದಲ್ಲಿ ರೈನ್ ನದಿಯ ಸುತ್ತ ಕ್ಲೀವ್ ಮತ್ತು ಮಾರ್ಕ್, ನಡುವೆ ಬ್ರಾಂಡೆನ್‌ಬರ್ಗ್, ಪೂರ್ವಕ್ಕೆ ಬಾಲ್ಟಿಕ್ ಕರಾವಳಿಯ ಪ್ರಷ್ಯಾ. ಮಧ್ಯೆ ಎಲ್ಲ ಬೇರೆಯವರ ನೆಲ. ಪ್ರಷ್ಯಾಕ್ಕಂತೂ ಪೋಲೆಂಡಿನ ದೊರೆಯೇ ಮೇಲೊಡೆಯ.

ಇಂಥವನು 1688ರಲ್ಲಿ ಸಾಯುವ ಹೊತ್ತಿಗೆ ಅವನ ಹತ್ತಿರ ಸುಮಾರು 30,000 ಜನರ ಕಾಯಂ ಸೈನ್ಯ ಇತ್ತು. ಅಕ್ಕಪಕ್ಕದ ದೊರೆಗಳೆಲ್ಲ ಅವನ ಸ್ನೇಹಕ್ಕೆ ದುಡ್ಡು ಕೊಡುತ್ತಿದ್ದರು. ಇದು ಹೇಗೆ ಆಯಿತು? ಯಾವುದು ಮುಖ್ಯ ಕಾರಣ ಅನ್ನುತ್ತೀರಿ?

ಸಹ್ಯಾದ್ರಿ:
ನನ್ನ ಉತ್ತರ ಸೈನ್ಯ. ಮಿಕ್ಕಿದ್ದೆಲ್ಲ ಅದರ ಹಿಂದೆ ಬಂದದ್ದು.

ಅವನಪ್ಪ ಗೇಯೋರ್ಗ್ ವಿಲ್ಹೆಲ್ಮ್ ಯಾವ ಪಕ್ಷಕ್ಕೂ ಪೂರ್ತಿ ಸೇರದೆ ಎಲ್ಲರಿಂದಲೂ ಏಟು ತಿಂದ. ಮಗ ಪಟ್ಟಕ್ಕೆ ಬಂದಾಗ ಕೈಯಲ್ಲಿದ್ದದ್ದು ಕೆಲವೇ ಸಾವಿರ ಕೂಲಿ ಸಿಪಾಯಿಗಳು. ಅವರ ನಿಷ್ಠೆ ಇವನಿಗೋ ಚಕ್ರವರ್ತಿಗೋ ಅನ್ನುವುದೇ ಸ್ಪಷ್ಟ ಇರಲಿಲ್ಲ. ಅವನು ಮೊದಲು ಮಾಡಿದ್ದು ಆ ಪಡೆಯನ್ನು ಒಡೆದು ಚಿಕ್ಕದು ಮಾಡಿದ್ದು. 1641ರಲ್ಲಿ ಸ್ವೀಡನ್ ಜೊತೆ ಕದನವಿರಾಮ ಮಾಡಿಕೊಂಡ. ಆಮೇಲೆ ತನ್ನ ಮಾತು ಮಾತ್ರ ಕೇಳುವ ಪಡೆಯನ್ನು ಹೊಸದಾಗಿ ಕಟ್ಟುತ್ತಾ ಹೋದ.

ಫಲ ನೋಡಿ. 1655ರಲ್ಲಿ ಸ್ವೀಡನ್ನಿಗೂ ಪೋಲೆಂಡಿಗೂ ಯುದ್ಧ ಶುರುವಾಯಿತು. 1656ರ ಜುಲೈನಲ್ಲಿ ವಾರ್ಸಾ ಹತ್ತಿರ ಮೂರು ದಿನದ ಕದನ. ಇವನು ಸ್ವೀಡನ್ ಪಕ್ಕ ನಿಂತು ಗೆದ್ದ. ಮಾರನೆಯ ವರ್ಷವೇ ಪೋಲೆಂಡ್ ಕಡೆ ತಿರುಗಿ ನಿಂತ. ಬದಲಿಗೆ ಕೇಳಿದ್ದು ಒಂದೇ, ಪ್ರಷ್ಯಾದ ಮೇಲೆ ನಿಮ್ಮ ಒಡೆತನ ಬಿಡಿ ಅಂತ. ವೇಲಾವ್ ಒಪ್ಪಂದದಲ್ಲಿ ಪೋಲೆಂಡ್ ಬಿಟ್ಟುಕೊಟ್ಟಿತು. 1660ರಲ್ಲಿ ಓಲಿವಾ ಶಾಂತಿ ಒಪ್ಪಂದ ಅದನ್ನು ಗಟ್ಟಿ ಮಾಡಿತು. ಸೈನ್ಯ ಇಲ್ಲದವನ ಮಾತನ್ನು ಯಾರು ಕೇಳುತ್ತಿದ್ದರು ಹೇಳಿ? 1667ರಲ್ಲಿ ಉತ್ತರಾಧಿಕಾರಿಗೆ ಬರೆದಿಟ್ಟ ರಾಜಕೀಯ ಉಯಿಲಿನಲ್ಲಿ ಅವನೇ ಹೇಳಿದ್ದಾನೆ: ಮೈತ್ರಿ ಒಳ್ಳೆಯದೇ, ಸ್ವಂತ ಬಲ ಅದಕ್ಕಿಂತ ಒಳ್ಳೆಯದು ಅಂತ.

ಪರೀಕ್ಷಾರ್ಥಿ:
ಸರ್, ಫೇರ್ಬೆಲಿನ್ ಯುದ್ಧದ ಬಗ್ಗೆಯೂ ಬರೆಯಿರಿ. ನಮ್ಮ ಸಿಲಬಸ್‌ನಲ್ಲಿ ಹೆಸರು ಮಾತ್ರ ಇದೆ.

ಸಹ್ಯಾದ್ರಿ:
ಖಂಡಿತ. ನನಗೆ ಇಷ್ಟವಾದ ಭಾಗವೇ ಅದು.

1674ರಲ್ಲಿ ಅವನು ಫ್ರಾನ್ಸ್ ವಿರುದ್ಧ ಆಲ್ಸೇಸ್ ಕಡೆ ಯುದ್ಧದಲ್ಲಿದ್ದ. ಫ್ರಾನ್ಸಿನ ಮಿತ್ರ ಸ್ವೀಡನ್. ಮನೆಯ ಯಜಮಾನ ಊರಲ್ಲಿಲ್ಲ ಅಂತ ನೋಡಿಕೊಂಡು, ಆ ವರ್ಷದ ಕೊನೆಗೆ ಸ್ವೀಡನ್ ಪಡೆ ಬ್ರಾಂಡೆನ್‌ಬರ್ಗಿಗೆ ನುಗ್ಗಿತು. ಇವನು ಫ್ರಾಂಕೋನಿಯಾದಲ್ಲಿ ಚಳಿಗಾಲ ಕಳೆದು, ಬೇಸಿಗೆಯಲ್ಲಿ ಉತ್ತರಕ್ಕೆ ಭರದಿಂದ ಹೊರಟ. ಜೂನ್ ಮೂರನೇ ವಾರಕ್ಕೆ ಮಾಗ್ಡೆಬರ್ಗ್ ಮುಟ್ಟಿದ. ಅಲ್ಲಿಂದ ಮುಂದೆ ಕಾಲ್ದಳದವರೆಲ್ಲ ನಡೆದು ಬಂದರೆ ತಡ ಆಗುತ್ತದೆ. ಅದಕ್ಕೆ ಸಾವಿರಕ್ಕೂ ಮೇಲ್ಪಟ್ಟು ಕೋವಿಯವರನ್ನು ಗಾಡಿಗಳಲ್ಲಿ ತುಂಬಿಸಿಕೊಂಡು, ಕುದುರೆ ಪಡೆಯ ಜೊತೆ ಓಡಿಸಿದ.

ದಾರಿಯಲ್ಲಿ ರಾಟೆನೋವ್ ಪಟ್ಟಣ. ಹಾಫೆಲ್ ನದಿಯ ಸೇತುವೆ ಸ್ವೀಡನ್ ಪಡೆಯ ಕೈಯಲ್ಲಿತ್ತು. ಸೇನಾನಿ ಡೆರ್ಫ್ಲಿಂಗರ್‌ಗೆ ಆಗ 69 ವರ್ಷ. ಸೇತುವೆ ಹತ್ತಿರ ಹೋಗಿ, ತಾನು ಸ್ವೀಡನ್ ಪಡೆಯ ಅಧಿಕಾರಿ, ಬ್ರಾಂಡೆನ್‌ಬರ್ಗಿನವರು ಬೆನ್ನಟ್ಟಿ ಬರುತ್ತಿದ್ದಾರೆ, ಬೇಗ ಬಾಗಿಲು ತೆಗೆಯಿರಿ ಅಂದನಂತೆ. ಕಾವಲಿನವರು ನಂಬಿದರು, ಊರು ಕೈವಶವಾಯಿತು. ಮೂರು ದಿನದ ಮೇಲೆ, 1675ರ ಜೂನ್ 28ರಂದು, ಫೇರ್ಬೆಲಿನ್‌ನಲ್ಲಿ ಕದನ. ಒಂದು ದಿಬ್ಬವನ್ನು ಸ್ವೀಡನ್ನಿನವರು ಕಾಯದೆ ಬಿಟ್ಟಿದ್ದರು. ಇವರು ಅಲ್ಲಿಗೆ ಫಿರಂಗಿ ಏರಿಸಿದರು. ಯುರೋಪಿನಲ್ಲಿ ಯಾರೂ ಸೋಲಿಸಲಾರರು ಅನ್ನಿಸಿಕೊಂಡಿದ್ದ ಸೈನ್ಯ ಹಿಂದೆ ಸರಿಯಿತು. ‘ಮಹಾ ಇಲೆಕ್ಟರ್’ ಎನ್ನುವ ಬಿರುದು ಅಂಟಿಕೊಂಡದ್ದು ಇದರ ನಂತರವೇ.

ಲೆಕ್ಕಪತ್ರ:
ಸಹ್ಯಾದ್ರಿಯವರೇ, ಕದನದ ವರ್ಣನೆ ಚೆನ್ನಾಗಿದೆ. ಆದರೆ ಕಥೆಯ ಕೊನೆಯನ್ನು ನೀವು ಹೇಳಲಿಲ್ಲ. ಆ ಯುದ್ಧದಲ್ಲಿ ಅವನು ಸ್ವೀಡನ್ನಿನ ಪೊಮರೇನಿಯಾವನ್ನು ಪೂರ್ತಿ ಗೆದ್ದುಕೊಂಡ. 1679ರ ಜನವರಿಯಲ್ಲಿ ಹೆಪ್ಪುಗಟ್ಟಿದ ಕಡಲ ಹಿನ್ನೀರಿನ ಮೇಲೆ ಜಾರುಬಂಡಿಗಳಲ್ಲಿ ಸೈನ್ಯ ಸಾಗಿಸಿ, ಪ್ರಷ್ಯಾಕ್ಕೆ ನುಗ್ಗಿದ್ದ ಸ್ವೀಡನ್ನಿನವರನ್ನು ಓಡಿಸಿದ. ಅದೇ ವರ್ಷ ಸೇಂಟ್ ಜರ್ಮೇನ್ ಒಪ್ಪಂದದಲ್ಲಿ ಗೆದ್ದದ್ದನ್ನೆಲ್ಲ ಹೆಚ್ಚುಕಡಿಮೆ ಪೂರ್ತಿ ವಾಪಸ್ ಕೊಡಬೇಕಾಯಿತು. ಯಾಕೆ? ಫ್ರಾನ್ಸಿನ 14ನೇ ಲೂಯಿ ಕೊಡು ಅಂದ, ಇವನ ಮಿತ್ರರು ಕೈಬಿಟ್ಟರು. ಸೈನ್ಯವೇ ರಾಜ್ಯದ ಬಲ ಅನ್ನುವುದಾದರೆ ಈ ಫಲಿತಾಂಶ ಬರಬಾರದಿತ್ತು.

ನಾನು ದಿನವಿಡೀ ತೆರಿಗೆ ಲೆಕ್ಕ ನೋಡುವ ಕೆಲಸದವನು. ಹಾಗಾಗಿ ನನ್ನ ಕಣ್ಣು ಮೊದಲು ಹೋಗುವುದೇ ಸಂಬಳ ಯಾರು ಕೊಟ್ಟರು ಅನ್ನುವ ಕಡೆಗೆ. ಅರಸನ ಸ್ವಂತ ಜಮೀನಿನ ಆದಾಯ ಅರಮನೆಗೇ ಸಾಲುತ್ತಿರಲಿಲ್ಲ. ಹೊಸ ತೆರಿಗೆ ಹಾಕಬೇಕಾದರೆ ಲಾಂಡ್‌ಟಾಗ್ ಸಭೆ ಒಪ್ಪಬೇಕು. ಆ ಸಭೆಯಲ್ಲಿ ಜಮೀನ್ದಾರರು ಮತ್ತು ಪಟ್ಟಣಗಳ ಪ್ರತಿನಿಧಿಗಳು ಇರುತ್ತಿದ್ದರು. ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಸಭೆ. ನಮ್ಮ ದುಡ್ಡು ಅಲ್ಲೆಲ್ಲೋ ಪ್ರಷ್ಯಾದ ಜಗಳಕ್ಕೆ ಯಾಕೆ ಅಂತ ಬ್ರಾಂಡೆನ್‌ಬರ್ಗಿನವರು ಕೇಳುತ್ತಿದ್ದರು. ಕ್ಲೀವ್‌ನವರೂ ಅದನ್ನೇ ಕೇಳುತ್ತಿದ್ದರು.

1653ರಲ್ಲಿ ಬ್ರಾಂಡೆನ್‌ಬರ್ಗ್ ಸಭೆ ಆರು ವರ್ಷಕ್ಕೆ 5,30,000 ಟಾಲರ್ (ಆಗಿನ ಬೆಳ್ಳಿ ನಾಣ್ಯ) ಕೊಡಲು ಒಪ್ಪಿತು. ಆ ದುಡ್ಡಿನಿಂದ ಅವನು ಪಡೆ ಇಟ್ಟುಕೊಂಡ. ಅವಧಿ ಮುಗಿಯುವ ಮೊದಲೇ ಉತ್ತರದ ಯುದ್ಧ, ಅಂದರೆ ಆ ಸ್ವೀಡನ್-ಪೋಲೆಂಡ್ ಯುದ್ಧ ಬಂತು. ಇನ್ನು ಸಭೆಯನ್ನು ಕೇಳುವ ಗೋಜಿಗೆ ಅವನು ಹೋಗಲಿಲ್ಲ. ಯುದ್ಧದ ತುರ್ತು ಅಂತ ಹೇಳಿ ತೆರಿಗೆ ಎತ್ತಿದ, ಕೊಡದ ಕಡೆ ಸಿಪಾಯಿಗಳನ್ನು ಕಳಿಸಿದ. 1653ರ ಸಭೆಯೇ ಬ್ರಾಂಡೆನ್‌ಬರ್ಗಿನ ಕೊನೆಯ ಪೂರ್ಣ ಸಭೆ.

ಇನ್ನೊಂದು ಮುಖ್ಯ ಸಂಗತಿ ಇದೆ. ಯುದ್ಧ ಕಾಲದಲ್ಲಿ ಸೈನ್ಯಕ್ಕೆ ದವಸ, ವಸತಿ, ಸಂಬಳ ನೋಡಿಕೊಳ್ಳಲು ಒಂದು ಕಚೇರಿ ಮಾಡಿದ್ದರು. ಯುದ್ಧ ಕಮಿಷನರ್ ಕಚೇರಿ ಅನ್ನಬಹುದು. 1660ರಲ್ಲಿ ಶಾಂತಿ ಬಂದ ಮೇಲೂ ಅದು ಮುಚ್ಚಲಿಲ್ಲ. ನಿಧಾನವಾಗಿ ತೆರಿಗೆ ವಸೂಲಿ ಅದರ ಕೈಗೆ ಬಂತು, ಆಮೇಲೆ ಪಟ್ಟಣಗಳ ಆಡಳಿತ, ಆಮೇಲೆ ಕಸುಬು ವ್ಯಾಪಾರ ಎಲ್ಲ. ಈ ಅಧಿಕಾರಿಗಳು ಯಾವುದೇ ಪ್ರಾಂತ್ಯದ ಸಭೆಗೆ ಉತ್ತರ ಕೊಡಬೇಕಾಗಿರಲಿಲ್ಲ. ಅವರ ಯಜಮಾನ ಒಬ್ಬನೇ, ಇಲೆಕ್ಟರ್. ಪಶ್ಚಿಮದ ಕ್ಲೀವ್‌ನಿಂದ ಪ್ರಷ್ಯಾದ ಪೂರ್ವ ತುದಿಯ ಮೆಮೆಲ್‌ವರೆಗೂ ಒಂದೇ ಕಚೇರಿ. ಚೂರು ಚೂರಾಗಿದ್ದ ನಾಡುಗಳನ್ನು ಮೊದಲು ಹೊಲಿದದ್ದು ಈ ಕಚೇರಿ ಮತ್ತು ಅದೇ ದಾರಿಯಲ್ಲಿ ಓಡುತ್ತಿದ್ದ ಸರ್ಕಾರಿ ಅಂಚೆ. ಕದನಗಳ ಪಾತ್ರ ಅದರಲ್ಲಿ ಕಮ್ಮಿ.

ಪರೀಕ್ಷಾರ್ಥಿ:
ಪಟ್ಟಣಕ್ಕೂ ಹಳ್ಳಿಗೂ ತೆರಿಗೆ ಬೇರೆ ಬೇರೆ ಇತ್ತು ಅಂತ ಓದಿದ್ದೇನೆ. ಯಾಕೆ ಹಾಗೆ?

ಲೆಕ್ಕಪತ್ರ:
ಒಳ್ಳೆಯ ಪ್ರಶ್ನೆ. ಹಳ್ಳಿಯಲ್ಲಿ ‘ಕಾಂಟ್ರಿಬ್ಯೂಷನ್’ ಅನ್ನುವ ನೇರ ತೆರಿಗೆ. ಸೈನ್ಯದ ಖರ್ಚಿಗೆ ಅಂತಲೇ ಹಾಕಿದ್ದು, ರೈತ ಕೊಡಬೇಕು. ಪಟ್ಟಣದವರಿಗೂ ಮೊದಲು ಅದೇ ಇತ್ತು, ಒಟ್ಟು ಹೊರೆಯಲ್ಲಿ ಅವರ ಪಾಲೇ ಜಾಸ್ತಿ. ಯುದ್ಧದಲ್ಲಿ ಪಾಳುಬಿದ್ದ ಮನೆಗಳ ಪಾಲನ್ನೂ ಉಳಿದವರೇ ಹೊರಬೇಕಿತ್ತು. ಅದಕ್ಕೆ ಪಟ್ಟಣಗಳು ಬೇರೆ ದಾರಿ ಕೇಳಿದವು. ಹಾಲೆಂಡಿನಲ್ಲಿ ನಡೆಯುತ್ತಿದ್ದ ‘ಅಕ್ಸೀಸ್’, ಅಂದರೆ ಸರಕಿನ ಮೇಲಿನ ತೆರಿಗೆ, ಇಲೆಕ್ಟರ್‌ಗೆ ಗೊತ್ತಿತ್ತು. ಅವನು ಹುಡುಗನಾಗಿದ್ದಾಗ ಸುಮಾರು ನಾಲ್ಕು ವರ್ಷ ಅಲ್ಲಿದ್ದ, ಲೈಡನ್‌ನಲ್ಲಿ ಓದಿದ, ಹೆಂಡತಿ ಲೂಯಿಸಾ ಹೆನ್ರಿಯೆಟ್ ಕೂಡ ಅಲ್ಲಿಯ ಆರೆಂಜ್ ಮನೆತನದವಳು.

1667ರಲ್ಲಿ ಬೇಕಾದ ಪಟ್ಟಣಗಳು ಅಕ್ಸೀಸ್ ಹಾಕಿಕೊಳ್ಳಬಹುದು ಅಂತ ಆಯಿತು. 1680ರ ನಂತರ ಅದು ಕಡ್ಡಾಯ. ಬಿಯರ್, ವೈನ್, ಉಪ್ಪು, ಹಿಟ್ಟು, ಮಾಂಸ ಎಲ್ಲದರ ಮೇಲೂ ಸ್ವಲ್ಪ ಸ್ವಲ್ಪ. ಹೊರಗಿಂದ ಬರುವ ಗಾಡಿ ಊರ ಬಾಗಿಲಲ್ಲೇ ನಿಲ್ಲಬೇಕು. ಗುಮಾಸ್ತ ಮೂಟೆ ನೋಡಿ ತೆರಿಗೆ ಹಾಕಿ ಚೀಟಿ ಕೊಡುತ್ತಿದ್ದ. ಇದರಲ್ಲಿ ಅರಸನಿಗೆ ಎರಡು ಲಾಭ. ಒಂದು, ವ್ಯಾಪಾರ ಹೆಚ್ಚಿದಂತೆ ಆದಾಯ ತಾನೇ ಹೆಚ್ಚುತ್ತದೆ, ಪ್ರತಿ ಸಲ ಯಾರನ್ನೂ ಕೇಳಬೇಕಾಗಿಲ್ಲ. ಇನ್ನೊಂದು, ತೆರಿಗೆ ನೋಡಿಕೊಳ್ಳಲು ಬಂದ ಕಮಿಷನರ್ ಕೊನೆಗೆ ಪಟ್ಟಣದ ಲೆಕ್ಕವನ್ನೂ ನೋಡಿದ, ಬೀದಿಯನ್ನೂ ನೋಡಿದ. ಪಟ್ಟಣ ಸಭೆಗಳ ಸ್ವಾತಂತ್ರ್ಯ ಅಲ್ಲಿಗೆ ಮುಗಿಯಿತು. ಜಮೀನ್ದಾರರು ಮಾತ್ರ ಅಕ್ಸೀಸ್ ನಮ್ಮ ಹಳ್ಳಿಗೆ ಬೇಡ ಅಂದರು. ಅವನು ಬಲವಂತ ಮಾಡಲಿಲ್ಲ. ಪಟ್ಟಣದವರ ಕಷ್ಟ ಒಂದು, ಜಮೀನ್ದಾರರ ಕಷ್ಟ ಇನ್ನೊಂದು. ಇಬ್ಬರೂ ಒಟ್ಟಿಗೆ ಕೂತು ಅರಸನನ್ನು ಎದುರಿಸುವ ಕಾರಣವೇ ಇಲ್ಲವಾಯಿತು.

ವಾಣಿ:
1653ರ ಒಪ್ಪಂದದ ಬಗ್ಗೆ ಲೆಕ್ಕಪತ್ರ ಅವರು ಬರೆದದ್ದು ಅರ್ಧ ಮಾತ್ರ. ಸಭೆ 5,30,000 ಟಾಲರ್ ಕೊಟ್ಟಿತು, ಸರಿ. ಸುಮ್ನೆ ಕೊಟ್ಟಿತಾ? ಬದಲಿಗೆ ಏನು ಪಡೆಯಿತು ಅನ್ನುವುದನ್ನೂ ಹೇಳಬೇಕಲ್ವಾ?

ಯುಂಕರ್ ಜಮೀನ್ದಾರರ ಹಳೆಯ ಹಕ್ಕುಗಳನ್ನೆಲ್ಲ ಅರಸ ಮುದ್ರೆ ಒತ್ತಿ ಗಟ್ಟಿ ಮಾಡಿಕೊಟ್ಟ. ಅವರ ಸ್ವಂತ ಜಮೀನಿಗೆ ತೆರಿಗೆ ಇಲ್ಲ. ಹಳ್ಳಿಯಲ್ಲಿ ನ್ಯಾಯ ಹೇಳುವವರೂ ಅವರೇ. ಎಲ್ಲಕ್ಕಿಂತ ಕ್ರೂರವಾದದ್ದು ಜೀತದ ಕಲಮು. ಜೀತ ರೂಢಿಯಲ್ಲಿರುವ ಕಡೆ, ಇವನು ನನ್ನ ಜೀತದಾಳು ಅಂತ ಜಮೀನ್ದಾರ ಹೇಳಿದರೆ ಅದೇ ಸಾಕು. ಅಲ್ಲ ಅನ್ನುವುದನ್ನು ರೈತನೇ ಸಾಬೀತು ಮಾಡಬೇಕು. ಇದನ್ನು ಒಬ್ಬ ರೈತನ ಜಾಗದಲ್ಲಿ ನಿಂತು ಯೋಚಿಸಿ. ಯುದ್ಧದಲ್ಲಿ ಊರಿಗೆ ಊರೇ ಸುಟ್ಟುಹೋಗಿದೆ. ಅಪ್ಪ ಸತ್ತಿದ್ದಾನೆ, ಸಾಕ್ಷಿ ಹೇಳುವವರು ಊರು ಬಿಟ್ಟಿದ್ದಾರೆ. ಕಾಗದ ಎಲ್ಲಿಂದ ತರಬೇಕು? ತಂದರೂ ಮೊದಲು ಹೋಗಿ ನಿಲ್ಲಬೇಕಾದದ್ದು ಅದೇ ಜಮೀನ್ದಾರನ ನ್ಯಾಯಸ್ಥಾನದ ಮುಂದೆ.

ಜಮೀನು ಬಿಟ್ಟು ಹೋಗುವ ಹಾಗಿಲ್ಲ. ಧಣಿಯ ಹೊಲದಲ್ಲಿ ಬಿಟ್ಟಿ ದುಡಿಮೆ. ಅದರ ಮೇಲೆ ಸೈನ್ಯದ ತೆರಿಗೆಯೂ ಅವನದ್ದೇ. ನೀವಿಬ್ಬರೂ ಸೈನ್ಯ ದೊಡ್ಡದೋ ತೆರಿಗೆ ದೊಡ್ಡದೋ ಅಂತ ವಾದ ಮಾಡುತ್ತಿದ್ದೀರಿ. ಎರಡನ್ನೂ ಹೊತ್ತವನು ಒಬ್ಬನೇ. ರಾಜ್ಯ ಕಟ್ಟಿದ ಕಥೆಯಲ್ಲಿ ಅವನ ಹೆಸರು ಒಂದು ಕಡೆಯೂ ಬರುವುದಿಲ್ಲ ಅನ್ನುವುದು ನನಗೆ ತುಂಬಾ ನೋವಿನ ವಿಷಯ.

ಸಹ್ಯಾದ್ರಿ:
ವಾಣಿ ಮೇಡಂ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಜೀತವನ್ನು ಅವನು ಹುಟ್ಟುಹಾಕಲಿಲ್ಲ. ಎಲ್ಬೆ ನದಿಯ ಪೂರ್ವಕ್ಕೆ 16ನೇ ಶತಮಾನದಿಂದಲೇ ಅದು ಬೆಳೆಯುತ್ತಿತ್ತು. ಮೆಕ್ಲೆನ್‌ಬರ್ಗ್‌ನಲ್ಲಿ ಇತ್ತು, ಪೋಲೆಂಡ್‌ನಲ್ಲಿ ಇತ್ತು. ಪಶ್ಚಿಮ ಯುರೋಪಿಗೆ ಧಾನ್ಯ ಮಾರಿ ದುಡ್ಡು ಮಾಡುತ್ತಿದ್ದ ಜಮೀನ್ದಾರರಿಗೆ ಕೂಲಿ ಇಲ್ಲದ ಆಳು ಬೇಕಿತ್ತು. ಯುದ್ಧದಲ್ಲಿ ಜನ ಸತ್ತ ಮೇಲಂತೂ ಇದ್ದವರನ್ನು ಹಿಡಿದಿಡುವ ಹಟ ಜಾಸ್ತಿ ಆಯಿತು. 1653ರಲ್ಲಿ ಅವನ ಹತ್ತಿರ ಅವರನ್ನು ಎದುರಿಸುವ ಬಲವೇ ಇರಲಿಲ್ಲ. ನಡೆಯುತ್ತಿದ್ದದ್ದನ್ನು ಬರೆದುಕೊಟ್ಟ ಅಷ್ಟೇ.

ವಾಣಿ:
ನಡೆಯುತ್ತಿದ್ದದ್ದು ಬೇರೆ, ಅರಸನ ಮುದ್ರೆ ಬಿದ್ದದ್ದು ಬೇರೆ. ಅಲ್ಲಿಯವರೆಗೆ ರೈತನಿಗೆ ಅರಸನ ಹತ್ತಿರ ದೂರು ಹೇಳಿಕೊಳ್ಳುವ ಒಂದು ಆಸೆಯಾದರೂ ಇತ್ತು. ಮುದ್ರೆ ಬಿದ್ದ ಮೇಲೆ ಯಾರ ಹತ್ತಿರ ಹೋಗಬೇಕು?

ಬೇರೆ ದಾರಿ ಇರಲಿಲ್ಲ ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ಅವನದ್ದೇ ಕ್ಲೀವ್ ಪ್ರಾಂತ್ಯ ನೋಡಿ. ಅಲ್ಲಿ ಈ ರೀತಿಯ ಜೀತ ಇರಲಿಲ್ಲ. 1660-61ರ ಒಪ್ಪಂದದಲ್ಲಿ ಅಲ್ಲಿಯ ಸಭೆ ತೆರಿಗೆ ಒಪ್ಪುವ ಹಕ್ಕು, ಸೇರುವ ಹಕ್ಕು ಎರಡನ್ನೂ ಉಳಿಸಿಕೊಂಡಿತು. ಹೊರದೇಶಗಳ ಜೊತೆ ತಾನೇ ಮಾತುಕತೆ ಮಾಡುವುದನ್ನು ಬಿಟ್ಟಿತು, ಸೈನ್ಯ ಇಡಲು ಒಪ್ಪಿತು. ಅಲ್ಲಿಂದಲೂ ದುಡ್ಡು ಬರುತ್ತಲೇ ಇತ್ತು.

ಕೋಟೆಬಾಗಿಲು:
ಇದು ನಾನು ಗಮನಿಸಬೇಕಾದ ಹೋಲಿಕೆ. ಒಬ್ಬನೇ ಅರಸ, ಮೂರು ನಾಡಿನಲ್ಲಿ ಮೂರು ರೀತಿ. ಕ್ಲೀವ್‌ನಲ್ಲಿ ರಾಜಿ. ಬ್ರಾಂಡೆನ್‌ಬರ್ಗ್‌ನಲ್ಲಿ ಜಮೀನ್ದಾರರ ಜೊತೆ ಕೊಡು-ಕೊಳ್ಳು. ಪ್ರಷ್ಯಾದಲ್ಲಿ ಏನಾಯಿತು ಅಂತ ನಾನು ಓದಿದ್ದನ್ನು ಸೇರಿಸುತ್ತೇನೆ.

ಪೋಲೆಂಡ್ ಒಡೆತನ ಬಿಟ್ಟದ್ದು ನಮ್ಮನ್ನು ಕೇಳದೆ, ಹಾಗಾಗಿ ನಿಮ್ಮ ಪೂರ್ಣ ಅಧಿಕಾರ ನಾವು ಒಪ್ಪುವುದಿಲ್ಲ ಅಂತ ಕ್ಯೋನಿಗ್ಸ್‌ಬರ್ಗಿನವರು ಪಟ್ಟು ಹಿಡಿದರು. ಅವರ ಮುಂದಾಳು ಹೀರೊನಿಮಸ್ ರೋಟ್ ಅನ್ನುವ ವ್ಯಾಪಾರಿ. 1662ರ ಅಕ್ಟೋಬರ್‌ನಲ್ಲಿ ಇಲೆಕ್ಟರ್ ಸುಮಾರು 2,000 ಸಿಪಾಯಿಗಳ ಜೊತೆ ಬಂದಿಳಿದು ರೋಟ್‌ನನ್ನು ಹಿಡಿಸಿದ. ಕ್ಷಮೆ ಕೇಳಿದರೆ ಬಿಡುತ್ತೇನೆ ಅಂದ. ಆ ಮನುಷ್ಯ ಕೇಳಲಿಲ್ಲ. 16 ವರ್ಷ ಸೆರೆಯಲ್ಲಿದ್ದು 1678ರಲ್ಲಿ ಪೈಟ್ಸ್ ಕೋಟೆಯಲ್ಲೇ ಸತ್ತ. ಕಾಲ್ಕ್‌ಸ್ಟೈನ್ ಅನ್ನುವ ಇನ್ನೊಬ್ಬ ವಿರೋಧಿ ವಾರ್ಸಾಕ್ಕೆ ಓಡಿಹೋಗಿದ್ದ. 1670ರಲ್ಲಿ ಇಲೆಕ್ಟರ್‌ನ ರಾಯಭಾರಿಯೇ ಅವನನ್ನು ಅಲ್ಲಿಂದ ಅಪಹರಿಸಿ ಗಡಿ ದಾಟಿಸಿದ. ಜಮಖಾನದಲ್ಲಿ ಸುತ್ತಿ ತಂದರು ಅನ್ನುತ್ತಾರೆ. 1672ರಲ್ಲಿ ಮೆಮೆಲ್‌ನಲ್ಲಿ ತಲೆ ಕಡಿಸಿದರು.

ಹಾಗಾಗಿ ಯಾವ ಮಾದರಿಯೂ ಇರಲಿಲ್ಲ ಅನ್ನಿಸುತ್ತದೆ. ಎಲ್ಲಿ ಏನು ನಡೆಯುತ್ತದೋ ಅಲ್ಲಿ ಅದನ್ನು ಮಾಡಿದ.

ಸ್ಪ್ರೇ ತೀರ:
ಬರ್ಲಿನ್‌ನಲ್ಲಿ ಇರುವುದರಿಂದ ಎರಡು ಮಾತು ಸೇರಿಸುತ್ತೇನೆ. ನೀವು ಯಾರೂ ಇನ್ನೂ ಜನಸಂಖ್ಯೆಯ ಮಾತೇ ಎತ್ತಿಲ್ಲ. ಊರು ಖಾಲಿ ಬಿದ್ದಿದ್ದರೆ ತೆರಿಗೆ ಯಾರ ಮೇಲೆ ಹಾಕುವುದು, ಸೈನ್ಯಕ್ಕೆ ಯಾರನ್ನು ಸೇರಿಸುವುದು?

1671ರಲ್ಲಿ ವಿಯೆನ್ನಾದಿಂದ ಯಹೂದಿಗಳನ್ನು ಹೊರಹಾಕಿದಾಗ 50 ಕುಟುಂಬಗಳಿಗೆ ಬ್ರಾಂಡೆನ್‌ಬರ್ಗ್‌ನಲ್ಲಿ ಜಾಗ ಕೊಟ್ಟ. 1685ರ ಅಕ್ಟೋಬರ್‌ನಲ್ಲಿ 14ನೇ ಲೂಯಿ ಫ್ರಾನ್ಸಿನ ಪ್ರಾಟೆಸ್ಟೆಂಟರ ಧಾರ್ಮಿಕ ಹಕ್ಕು ಕಿತ್ತುಕೊಂಡ. ಇವರಿಗೆ ಹ್ಯೂಗನಾಟರು ಅಂತ ಹೆಸರು. ಕೆಲವೇ ವಾರಗಳಲ್ಲಿ ಇಲೆಕ್ಟರ್ ಪಾಟ್ಸ್‌ಡ್ಯಾಮ್ ಆದೇಶ ಹೊರಡಿಸಿದ. ಬನ್ನಿ, ಪಾಳುಬಿದ್ದ ಮನೆಗಳನ್ನು ಕೊಡುತ್ತೇವೆ, ಕಟ್ಟಲು ಸಾಮಾನು ಕೊಡುತ್ತೇವೆ, ಕೆಲವು ವರ್ಷ ತೆರಿಗೆ ವಿನಾಯಿತಿ ಇದೆ, ನಿಮ್ಮ ಭಾಷೆಯಲ್ಲೇ ಪ್ರಾರ್ಥನೆ ಮಾಡಿಕೊಳ್ಳಿ. ಸುಮಾರು 20,000 ಜನ ಬಂದರು. ನೇಯ್ಗೆಯವರು, ಗಡಿಯಾರ ಮಾಡುವವರು, ತರಕಾರಿ ಬೆಳೆಯುವವರು, ಸೇನಾಧಿಕಾರಿಗಳು. 1700ರ ಹೊತ್ತಿಗೆ ಬರ್ಲಿನ್‌ನಲ್ಲಿ ಐದರಲ್ಲಿ ಒಬ್ಬರು ಫ್ರೆಂಚರು. ಅವರಿಗಾಗಿ ಕಟ್ಟಿದ ಚರ್ಚು ಈಗಲೂ ಜಾಂಡಾರ್ಮೆನ್‌ಮಾರ್ಕ್ಟ್ ಚೌಕದಲ್ಲಿದೆ, ಪಕ್ಕದ ಗೋಪುರದಲ್ಲಿ ಅವರ ಮ್ಯೂಸಿಯಂ. ಊರಿನ ಹಳೆಯ ಕಸುಬುದಾರರು ಸಾಕಷ್ಟು ಗೊಣಗಿದರು. ಅರಸ ಕೇಳಲಿಲ್ಲ. ಸೈನ್ಯ, ತೆರಿಗೆ ಎರಡಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಇದೇ.

ಲೆಕ್ಕಪತ್ರ:
ಕಾರಣದಲ್ಲಿ ಧರ್ಮವೂ ಇತ್ತಲ್ವಾ? ಅವನ ಮನೆತನ 1613ರಿಂದ ಕ್ಯಾಲ್ವಿನ್ ಪಂಥದ್ದು, ಹ್ಯೂಗನಾಟರೂ ಅದೇ. ಪ್ರಜೆಗಳು ಮಾತ್ರ ಲೂಥರ್ ಪಂಥದವರು (ಎರಡೂ ಪ್ರಾಟೆಸ್ಟೆಂಟ್ ಪಂಥಗಳೇ). ಪರಸ್ಪರ ಬೈಯಬಾರದು ಅಂತ 1664ರಲ್ಲಿ ಪಾದ್ರಿಗಳಿಗೆ ಆದೇಶ ಮಾಡಿದ. ಅದಕ್ಕೆ ಒಪ್ಪಿ ರುಜು ಹಾಕದ ಪಾದ್ರಿಗಳು ಕೆಲಸ ಕಳೆದುಕೊಂಡರು. ಸ್ತೋತ್ರಗಳಿಗೆ ಹೆಸರಾದ ಪೌಲ್ ಗೆರ್ಹಾರ್ಟ್ ಅವರಲ್ಲಿ ಒಬ್ಬ. ಸಹಿಷ್ಣುತೆಯನ್ನು ಕೂಡ ಅವನು ಅಧಿಕಾರದಿಂದಲೇ ಹೇರಿದ.

ಸ್ಪ್ರೇ ತೀರ:
ಹೇರಿದ, ನಿಜ. ಆದರೆ ಅದೇ ಕಾಲದಲ್ಲಿ ಲೂಯಿ ಹೇರಿದ್ದು ಏನು ಅಂತಲೂ ನೋಡಿ. ಎರಡರಲ್ಲಿ ಒಂದನ್ನು ಆರಿಸು ಅಂದರೆ ನಾನು ಯೋಚನೆಯನ್ನೇ ಮಾಡುವುದಿಲ್ಲ.

ಅವನ ಇನ್ನೊಂದು ಮುಖವನ್ನೂ ಇಲ್ಲಿ ದಾಖಲಿಸಬೇಕು. 1682ರಲ್ಲಿ ಆಫ್ರಿಕಾ ಕಂಪನಿ ಮಾಡಿದ. ಅವನು ಕಳಿಸಿದ ಫಾನ್ ಡೆರ್ ಗ್ರೋಬೆನ್ ಎಂಬವನು 1683ರಲ್ಲಿ ಈಗಿನ ಘಾನಾದ ಕಡಲ ತೀರದಲ್ಲಿ ಕೋಟೆ ಕಟ್ಟಲು ಶುರುಮಾಡಿದ. ಗ್ರೋಸ್ ಫ್ರೀಡ್ರಿಶ್‌ಬರ್ಗ್ ಅಂತ ಅದಕ್ಕೆ ಇಲೆಕ್ಟರ್‌ನದ್ದೇ ಹೆಸರು. ಅಲ್ಲಿಂದ ಮನುಷ್ಯರನ್ನು ಹಿಡಿದು ಅಟ್ಲಾಂಟಿಕ್ ಆಚೆ ಮಾರಿದರು. ಬರ್ಲಿನ್‌ನ ನದಿ ದಂಡೆಯ ಒಂದು ಬೀದಿಗೆ ಗ್ರೋಬೆನ್ ಹೆಸರಿತ್ತು. 2010ರಲ್ಲಿ ಅದನ್ನು ತೆಗೆದು ಕವಯತ್ರಿ ಮೇ ಆಯಿಮ್ ಹೆಸರಿಟ್ಟರು. ಇಲೆಕ್ಟರ್‌ನ ಕುದುರೆ ಪ್ರತಿಮೆ ಈಗ ಶಾರ್ಲೊಟೆನ್‌ಬರ್ಗ್ ಅರಮನೆ ಅಂಗಳದಲ್ಲಿದೆ. ಶಿಲ್ಪಿ ಶ್ಲ್ಯೂಟರ್ ಮಾಡಿದ್ದು. ಪೀಠದ ನಾಲ್ಕು ಮೂಲೆಯಲ್ಲಿ ಸರಪಳಿ ಹಾಕಿದ ನಾಲ್ಕು ಮನುಷ್ಯರು ಇದ್ದಾರೆ. ಸೋತ ಶತ್ರುಗಳ ಸಂಕೇತ ಅನ್ನುತ್ತಾರೆ. ಆ ಕೋಟೆಯ ವಿಷಯ ಗೊತ್ತಿದ್ದು ನೋಡಿದರೆ ಸುಮ್ಮನೆ ಮುಂದೆ ಹೋಗಲು ಆಗುವುದಿಲ್ಲ.

ನಿಧಾನ ಓದುಗ:
ತಡವಾಗಿ ಬಂದೆ. ಎಲ್ಲರದ್ದೂ ಓದಿದೆ. ನೀವೆಲ್ಲ ಒಬ್ಬ ವ್ಯಕ್ತಿಗೆ ಜಾಸ್ತಿ ಶ್ರೇಯಸ್ಸು ಕೊಡುತ್ತಿದ್ದೀರಿ ಅನ್ನುವುದು ನನ್ನ ತಕರಾರು.

ಮೊದಲನೆಯದು, ದುಡ್ಡು. ಅವನ ಸೈನ್ಯದ ಖರ್ಚಿನಲ್ಲಿ ದೊಡ್ಡ ಪಾಲು ಹೊರಗಿನ ದೇಶಗಳು ಕೊಟ್ಟ ಸಹಾಯಧನ. ಒಮ್ಮೆ ಹಾಲೆಂಡ್, ಒಮ್ಮೆ ಚಕ್ರವರ್ತಿ, ಒಮ್ಮೆ ಸ್ಪೇನ್, 1679ರ ನಂತರ ಫ್ರಾನ್ಸ್. ಸ್ಪೇನ್ ಹೇಳಿದ ಹಣ ಕೊಡಲಿಲ್ಲ ಅಂತ 1680ರಲ್ಲಿ ಓಸ್ಟೆಂಡ್ ಬಂದರಿನ ಹತ್ತಿರ ಸ್ಪೇನಿನ ಒಂದು ಹಡಗನ್ನೇ ಅವನ ಹಡಗುಗಳು ಹಿಡಿದವು. ಸ್ವಂತ ಬಲವೇ ಮೇಲು ಅಂತ ಬರೆದವನು ನಡೆದದ್ದು ಬೇರೆಯವರ ದುಡ್ಡಿನಿಂದ.

ಎರಡನೆಯದು, ನಿಜವಾದ ರಾಜ್ಯಯಂತ್ರ ಬಂದದ್ದು ಮೊಮ್ಮಗನ ಕಾಲಕ್ಕೆ. 1713ರಲ್ಲಿ ಪಟ್ಟಕ್ಕೆ ಬಂದ ಒಂದನೇ ಫ್ರೀಡ್ರಿಶ್ ವಿಲ್ಹೆಲ್ಮ್ ಅರಮನೆಯ ಖರ್ಚು ಕಡಿದು ಹಾಕಿದ. 1723ರಲ್ಲಿ ಯುದ್ಧ ಕಮಿಷನರ್ ಕಚೇರಿಯನ್ನೂ ಅರಸನ ಜಮೀನು ನೋಡುವ ಕಚೇರಿಯನ್ನೂ ಸೇರಿಸಿ ಒಂದೇ ಆಡಳಿತ ಮಂಡಳಿ ಮಾಡಿದ. 1733ರಲ್ಲಿ ಪ್ರತಿ ರೆಜಿಮೆಂಟಿಗೂ ಇಂತಿಷ್ಟು ಊರು ಅಂತ ಹಂಚಿ ಅಲ್ಲಿಂದಲೇ ಹುಡುಗರನ್ನು ತೆಗೆದುಕೊಂಡ. 1740ರಲ್ಲಿ ಸಾಯುವಾಗ 80,000 ಸೈನ್ಯ, ಖಜಾನೆಯಲ್ಲಿ 80 ಲಕ್ಷ ಟಾಲರ್ ಬಿಟ್ಟುಹೋದ. ಹೊರಗಿನ ದುಡ್ಡು ಬೇಕಾಗಲಿಲ್ಲ.

ಮೂರನೆಯದು ನಿಮ್ಮಲ್ಲಿ ಯಾರೂ ಎತ್ತಿಲ್ಲ. ಇಲೆಕ್ಟರ್‌ನ ಕೊನೆಯ ಉಯಿಲು. ಎರಡನೇ ಹೆಂಡತಿ ಡೊರೊಥಿಯಾಳ ಮಕ್ಕಳಿಗೆ ನಾಡಿನ ಒಂದೊಂದು ತುಂಡು ಕೊಡಬೇಕು ಅಂತ ಬರೆದಿದ್ದ. ಹಿರಿಯ ಮಗ ಫ್ರೀಡ್ರಿಶ್ ಚಕ್ರವರ್ತಿಯ ನೆರವಿನಿಂದ ಅದನ್ನು ರದ್ದು ಮಾಡಿಸಿದ್ದರಿಂದ ರಾಜ್ಯ ಒಡೆಯಲಿಲ್ಲ. 47 ವರ್ಷಕ್ಕೂ ಜಾಸ್ತಿ ಕಾಲ ನಾಡುಗಳನ್ನು ಒಂದು ಮಾಡಿದವನು ಕೊನೆಗೆ ಅದನ್ನು ಮನೆ ಆಸ್ತಿಯಂತೆ ಪಾಲು ಹಾಕಲು ಹೊರಟ. ರಾಜ್ಯ ಅನ್ನುವ ಕಲ್ಪನೆ ಅವನಿಗೆ ಇತ್ತೇ ಅನ್ನುವುದೇ ನನ್ನ ಅನುಮಾನ.

ಸಹ್ಯಾದ್ರಿ:
ಉಯಿಲಿನ ಮಾತು ಬಲವಾದದ್ದು, ಒಪ್ಪುತ್ತೇನೆ. ಆದರೆ ಮೊಮ್ಮಗ ಸೇರಿಸಿದ ಎರಡು ಕಚೇರಿಗಳಲ್ಲಿ ಒಂದನ್ನು ತಾತ ಬಿಟ್ಟುಹೋಗಿದ್ದ. ಹುಡುಗರನ್ನು ಸೇರಿಸಿಕೊಳ್ಳಲು ಕಾಯಂ ರೆಜಿಮೆಂಟುಗಳನ್ನೂ ತಾತನೇ ಬಿಟ್ಟುಹೋಗಿದ್ದ. ಇನ್ನು ಸಹಾಯಧನದ ಮಾತು. ಆ ದುಡ್ಡು ಬಂದದ್ದು ಅವನ ಹತ್ತಿರ ಸೈನ್ಯ ಇದ್ದದ್ದರಿಂದ. ಬಲ ಇಲ್ಲದವನಿಗೆ ಲೂಯಿ ಒಂದು ಕಾಸೂ ಕೊಡುತ್ತಿರಲಿಲ್ಲ.

ಲೆಕ್ಕಪತ್ರ:
ಸಹಾಯಧನದ ವಿಷಯದಲ್ಲಿ ನಿಧಾನ ಓದುಗರ ಪಕ್ಕ ನಾನು. ನನ್ನ ಅನುಭವದಲ್ಲಿ ಹೊರಗಿನ ಅನುದಾನ ನಂಬಿದ ಬಜೆಟ್ ಬಹಳ ದಿನ ನಿಲ್ಲುವುದಿಲ್ಲ. ಅವನಿಗೂ ಅದು ಗೊತ್ತಾಗಿತ್ತು ಅನ್ನಿಸುತ್ತದೆ. 1679ರಲ್ಲಿ ಕೈ ಸುಟ್ಟುಕೊಂಡ ಮೇಲೆ ತಾನೇ ಅಕ್ಸೀಸ್ ಕಡ್ಡಾಯ ಆದದ್ದು? ಹಣಕಾಸು ನೋಡಲು ಕ್ನಿಪ್‌ಹೌಸೆನ್‌ನನ್ನು ತಂದದ್ದೂ ಆಮೇಲೆಯೇ. ಅವನು ಅರಸನ ಎಲ್ಲ ಜಮೀನಿನ ಆದಾಯವನ್ನು ಒಂದು ಕಡೆ ಲೆಕ್ಕಕ್ಕೆ ತಂದ. ಕೊನೆಯ ಆ ಎಂಟೊಂಬತ್ತು ವರ್ಷಗಳನ್ನು ನಾನು ಹಿಂದಿನ 40 ವರ್ಷಕ್ಕಿಂತ ಮೇಲೆ ಇಡುತ್ತೇನೆ.

ಪರೀಕ್ಷಾರ್ಥಿ:
ಎಲ್ಲರಿಗೂ ಧನ್ಯವಾದ, ನೋಟ್ಸ್ ಮಾಡಿಕೊಂಡೆ. ವಾಣಿ ಮೇಡಂ, ಒಂದು ಕೊನೆಯ ಪ್ರಶ್ನೆ. ಆ ಜೀತ ಯಾವಾಗ ಮುಗಿಯಿತು?

ವಾಣಿ:
1806ರಲ್ಲಿ ಯೇನಾ ಕದನದಲ್ಲಿ ನೆಪೋಲಿಯನ್ ಮುಂದೆ ಪ್ರಷ್ಯಾದ ಸೈನ್ಯ ಒಂದೇ ದಿನದಲ್ಲಿ ಪುಡಿಯಾಯಿತು. ಜೀತದಾಳು ಯಾಕೆ ಪ್ರಾಣ ಕೊಟ್ಟು ಹೋರಾಡಬೇಕು ಅನ್ನುವ ಪ್ರಶ್ನೆ ಆಳುವವರಿಗೆ ಆಗ ಹೊಳೆಯಿತು. 1807ರ ಅಕ್ಟೋಬರ್ ಆದೇಶ ಬಂತು. 1810ರ ನವೆಂಬರ್‌ನಿಂದ ಎಲ್ಲರೂ ಸ್ವತಂತ್ರರು ಅಂತ ಅದರಲ್ಲಿತ್ತು. 1653ರಿಂದ ಲೆಕ್ಕ ಹಾಕಿದರೆ 157 ವರ್ಷ.

ಆದರೆ ಅಲ್ಲಿಗೂ ಲೆಕ್ಕ ಚುಕ್ತಾ ಆಗಲಿಲ್ಲ. ಉಳುವ ಜಮೀನು ರೈತನ ಸ್ವಂತ ಆಗಬೇಕಾದರೆ ಧಣಿಗೆ ಪರಿಹಾರ ಕೊಡಬೇಕು ಅಂತ 1811ರಲ್ಲಿ ಇನ್ನೊಂದು ಆದೇಶ ಆಯಿತು. ವಂಶಪಾರಂಪರ್ಯದ ಹಕ್ಕಿದ್ದ ರೈತ ತನ್ನ ಹೊಲದ ಮೂರನೇ ಒಂದು ಪಾಲು ಬಿಟ್ಟುಕೊಡಬೇಕು. ಆ ಹಕ್ಕು ಇಲ್ಲದವನು ಅರ್ಧ.